ಅಸಂದೇಹ: ಕನ್ನಡ ವಾಕ್ಯಶುದ್ಧಿಯ ಪೂರ್ವೋತ್ತರ

ವ್ಯಾಕರಣವನ್ನು ಓದುವುದರಿಂದ ಏನು ಪ್ರಯೋಜನವೆಂಬ ಪ್ರಶ್ನೆಯು ಇಂದಿನ ವಿದ್ಯಾರ್ಥಿಗಳು ಹೊಸದಾಗಿ ಹುಟ್ಟಿಸಿದುದಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವ ಪತಂಜಲಿಯು ತನ್ನ ಮಹಾಭಾಷ್ಯದ ಮೊದಲಲ್ಲಿಯೇ ಈ ಪ್ರಶ್ನೆಯನ್ನು ಎತ್ತಿಕೊಂಡು, ರಕ್ಷೆ, ಊಹ, ಆಗಮ, ಲಘು, ಅಸಂದೇಹ ಎಂಬ ಐದು ಪ್ರಯೋಜನಗಳನ್ನು ಹೇಳಿದ್ದಾನೆ. ವೇದದ ರಕ್ಷಣೆ, ಮಂತ್ರಗಳನ್ನು ಸಂದರ್ಭಕ್ಕೆ ತಕ್ಕಂತೆ ಮಾರ್ಪಡಿಸುವುದು, ಶಾಸ್ತ್ರದ ಆಜ್ಞೆಯನ್ನು ಪಾಲಿಸುವುದು, ಶಬ್ದಗಳನ್ನು ಸುಲಭವಾಗಿ ಅರಿಯುವುದು ಎಂಬ ಮೊದಲ ನಾಲ್ಕು ಪ್ರಯೋಜನಗಳು ಶ್ರೋತ್ರಿಯರಿಗೆ ಮುಖ್ಯವಾದುವು. ಐದನೆಯದಾದ ಅಸಂದೇಹವಾದರೋ ಲೇಖನಿಯನ್ನು ಹಿಡಿಯುವ ಪ್ರತಿಯೊಬ್ಬನಿಗೂ ಸಂಬಂಧಿಸಿದುದು. ಹೇಳಿದ ಮಾತಿಗೆ ಎರಡರ್ಥವಾಗದಂತೆ ನೋಡಿಕೊಳ್ಳುವುದೇ ಅಸಂದೇಹ.

ಇದಕ್ಕೆ ಪತಂಜಲಿಯು ಕೊಡುವ ಉದಾಹರಣೆಯು ಯಜ್ಞಕ್ಕೆ ಸಂಬಂಧಿಸಿದುದು. ಯಾಗಕ್ಕೆ ವಿಧಿಸಿದ ಹಸುವನ್ನು ‘ಸ್ಥೂಲಪೃಷತೀ’ ಎಂಬ ಸಮಾಸಪದದಿಂದ ವರ್ಣಿಸಿದೆ. ಹಸುವು ದಪ್ಪವಾಗಿಯೂ ಇದ್ದು ಚುಕ್ಕೆಯುಳ್ಳುದಾಗಿಯೂ ಇರಬೇಕೆ, ಅಥವಾ ದೊಡ್ಡ ಚುಕ್ಕೆಗಳುಳ್ಳುದಾಗಿದ್ದರೆ ಸಾಕೆ? ಬರೆದ ಅಕ್ಷರಗಳನ್ನು ಎಷ್ಟು ಸಲ ನೋಡಿದರೂ ಇದು ನಿರ್ಣಯವಾಗದು. ವ್ಯಾಕರಣ ಬಲ್ಲವನು ಉಚ್ಚಾರಣೆಯಲ್ಲಿ ಸ್ವರವು ಪೂರ್ವಪದದ ಮೇಲೆ ನಿಂತಿದೆಯೋ ಸಮಾಸದ ಕೊನೆಗೆ ಸರಿದಿದೆಯೋ ಎಂಬುದನ್ನು ಕೇಳಿ, ಮೊದಲನೆಯದಾದರೆ ಬಹುವ್ರೀಹಿಯೆಂದೂ ಎರಡನೆಯದಾದರೆ ತತ್ಪುರುಷವೆಂದೂ ತಿಳಿಯುತ್ತಾನೆ. ವೇದಕಾಲದಲ್ಲಿ ಸಂದೇಹವನ್ನು ಕಳೆಯುವ ಕೆಲಸವನ್ನು ಕಿವಿಯು ಮಾಡುತ್ತಿತ್ತು ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಮಾತು ತಾಳೆಯ ಗರಿಗೂ ಕಲ್ಲಿಗೂ ಕಾಗದಕ್ಕೂ ಇಳಿದ ಮೇಲೆ ಧ್ವನಿಯು ಉಳಿಯಲಿಲ್ಲ. ಧ್ವನಿಯು ಮಾಡುತ್ತಿದ್ದ ಕೆಲಸವನ್ನು ಇನ್ನಾವುದರಿಂದ ಮಾಡಿಸಬೇಕೆಂಬುದೇ ಅಂದಿನಿಂದ ಇಂದಿನವರೆಗೆ ಸ್ಪಷ್ಟಲೇಖನದ ಚರಿತ್ರೆಯಾಗಿದೆ.

ಕನ್ನಡದಲ್ಲಿ ಈ ಚರಿತ್ರೆಯು ಶಾಸನಗಳಿಂದ ಪ್ರಾರಂಭವಾಗುತ್ತದೆ. ಸುಮಾರು ಕ್ರಿ. ಶ. 450ರದೆಂದು ಸಾಮಾನ್ಯವಾಗಿ ಹೇಳುವ ಹಲ್ಮಿಡಿಯ ಶಾಸನ ಮೊದಲ್ಗೊಂಡು, ಹಳೆಯ ಬರವಣಿಗೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ. ಅಕ್ಷರಗಳು ಸಾಲಾಗಿ ಹರಿದುಕೊಂಡು ಹೋಗುತ್ತವೆ. ಸಾಲು ಮುಗಿದೆಡೆಯಲ್ಲಿ ಪದವು ಮುರಿದರೂ ಚಿಂತೆಯಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬೇರೆ ಬೇರೆ ಗುರುತುಗಳನ್ನು ಹಾಕುವ ಪದ್ಧತಿಯೂ ಹಳೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದಕಾರಣ ನೀರು ತುಂಬಿದ ಕೆರೆಯೂ ಹುಲ್ಲಿನಲ್ಲಿ ಹರಿಯುವ ಕೇರೆಯೂ ಬರವಣಿಗೆಯಲ್ಲಿ ಒಂದೇ ಆಗಿಬಿಡುವ ಸಂಭವವುಂಟು. ಓದುವವನು ಪ್ರಸಂಗವನ್ನು ನೋಡಿ ತಿಳಿದುಕೊಳ್ಳಬೇಕು.

ಹಾಗಿದ್ದರೆ ನಮ್ಮ ಪೂರ್ವಿಕರು ಓದುತ್ತಿದ್ದುದು ಹೇಗೆ? ಪದ್ಯದಲ್ಲಿ ಛಂದಸ್ಸು ನೆರವಾಗುತ್ತಿತ್ತು. ಗಣಗಳನ್ನು ಎಣಿಸಿದರೆ ಹ್ರಸ್ವವೋ ದೀರ್ಘವೋ ಎಂಬುದು ತಾನಾಗಿಯೇ ಹೊರಪಡುತ್ತದೆ. ಕನ್ನಡ ಕವಿಗಳು ಬಿಡದೆ ಪಾಲಿಸಿದ ದ್ವಿತೀಯಾಕ್ಷರಪ್ರಾಸವು ಕಿವಿಗೆ ಇಂಪಾಗಿದ್ದುದು ಮಾತ್ರವಲ್ಲ. ಎಡೆಯಿಲ್ಲದೆ ಬರೆದ ಓಲೆಯಲ್ಲಿ ಪಾದವು ಎಲ್ಲಿ ಮೊದಲಾಗುತ್ತದೆಂಬುದನ್ನು ಕಣ್ಣಿಗೆ ತೋರಿಸುವ ಗುರುತೂ ಆಗಿದ್ದಿತು. ಗದ್ಯದಲ್ಲಿ ಕ್ರಿಯಾಪದವು ಕಾವಲುಗಾರನಾಗಿತ್ತು. ಕನ್ನಡದ ವಾಕ್ಯವು ಕ್ರಿಯಾಪದದಿಂದ ಮುಗಿಯುವುದೇ ವಾಡಿಕೆ. ‘ಬಂದು’, ‘ನೋಡಿ’, ‘ಕೇಳಿ’ ಎಂಬ ಅಪೂರ್ಣಕ್ರಿಯೆಗಳು ಬರುತ್ತಿರುವವರೆಗೂ ವಾಕ್ಯವು ನಡೆಯುತ್ತಿದೆಯೆಂದು ತಿಳಿಯಬೇಕು. ‘ಹೋದನು’ ಎಂದು ಪೂರ್ಣಕ್ರಿಯೆಯು ಬಂದೊಡನೆ ನಿಲ್ಲಬೇಕು. ವಡ್ಡಾರಾಧನೆಯಂತಹ ಪ್ರಾಚೀನ ಗದ್ಯಗ್ರಂಥದ ವಾಕ್ಯಗಳು ಎಷ್ಟೇ ನೀಳವಾಗಿದ್ದರೂ ಓದುಗನು ದಾರಿ ತಪ್ಪದಿರುವುದಕ್ಕೆ ಇದೇ ಕಾರಣ. ಪೂರ್ಣವಿರಾಮವೆಂಬ ಚುಕ್ಕೆಯು ಹುಟ್ಟುವುದಕ್ಕೆ ಮುಂಚೆಯೇ ಕನ್ನಡವು ಅದರ ಕೆಲಸವನ್ನು ಆಖ್ಯಾತ ಪ್ರತ್ಯಯಕ್ಕೆ ಒಪ್ಪಿಸಿತ್ತು.

ಭಾಷೆಯಲ್ಲಿ ಇಂತಹ ಸಾಧನಗಳಿದ್ದರೂ ಬರೆಯುವವರೆಲ್ಲರೂ ಅವುಗಳನ್ನು ಸರಿಯಾಗಿ ಬಳಸುತ್ತಿರಲಿಲ್ಲ. ಸುಮಾರು ಕ್ರಿ. ಶ. 850ರಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತನ್ನ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನೇ ದೋಷಾದೋಷಗಳ ವಿವೇಚನೆಗೆ ಮೀಸಲಾಗಿಟ್ಟಿದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ವಿವೇಚನೆಯಿಲ್ಲದೆ ಒಂದೇ ಸಮಾಸದಲ್ಲಿ ಸೇರಿಸುವುದನ್ನು ಅದು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸುವುದಕ್ಕೆ ಹೋಲಿಸುತ್ತದೆ. ನಾಡಿನ ಒಂದೊಂದು ಕಡೆಯಲ್ಲಿ ಒಂದೊಂದು ಬಗೆಯ ಕನ್ನಡವಿರುವುದರಿಂದ, ದೋಷಗಳನ್ನು ಇಷ್ಟೆಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂದು ಗ್ರಂಥಕಾರನು ಒಪ್ಪಿಕೊಂಡಿರುವುದೂ ಗಮನಾರ್ಹವಾಗಿದೆ. ನಿಯಮವನ್ನು ಹೇಳುವವನಿಗೆ ನಿಯಮದ ಎಲ್ಲೆಯೂ ತಿಳಿದಿತ್ತು. ಎರಡೂವರೆ ಶತಮಾನಗಳ ಅನಂತರ, ಸುಮಾರು 1112ರಲ್ಲಿ, ಧರ್ಮಾಮೃತವನ್ನು ಬರೆದ ನಯಸೇನನು ತುಪ್ಪವನ್ನೂ ಎಣ್ಣೆಯನ್ನೂ ಬೆರಸಬಹುದೇ ಎಂದು ಕೇಳಿ ಅದೇ ಆಕ್ಷೇಪವನ್ನು ಇನ್ನೊಂದು ಉಪಮಾನದಿಂದ ಎತ್ತಿದನು.

ಕೇಶಿರಾಜನ ಶಬ್ದಮಣಿದರ್ಪಣವು ಸುಮಾರು 1260ರದು. ಅದಕ್ಕೆ ಮುಂಚೆ ಎರಡನೆಯ ನಾಗವರ್ಮನು ಕಾವ್ಯಾವಲೋಕನದ ಶಬ್ದಸ್ಮೃತಿಯಲ್ಲಿ ಕನ್ನಡದಿಂದಲೂ, ಕರ್ಣಾಟಕ ಭಾಷಾಭೂಷಣದಲ್ಲಿ ಸಂಸ್ಕೃತ ಸೂತ್ರಗಳಿಂದಲೂ ಕನ್ನಡದ ವ್ಯಾಕರಣವನ್ನು ನಿರೂಪಿಸಿದ್ದನು. ಕೇಶಿರಾಜನು ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಲ್ಲಿ ಇಡೀ ಭಾಷೆಯನ್ನು ಕಂದಪದ್ಯಗಳಿಂದ ಸೂತ್ರಿಸಿ, ತಾನೇ ವೃತ್ತಿಯನ್ನೂ ಬರೆದು, ಪ್ರತಿಯೊಂದು ನಿಯಮಕ್ಕೂ ಪೂರ್ವಕವಿಗಳ ಪ್ರಯೋಗವನ್ನು ತೋರಿಸಿದನು. ಅವನ ಸೋದರಮಾವನು ಕವಿ ಜನ್ನ. ತಂದೆಯು ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನ. ಶ್ರೀವಿಜಯ, ಅಸಗ, ಗುಣವರ್ಮ, ಪಂಪ, ಪೊನ್ನ ಮೊದಲಾದವರ ಮಾರ್ಗವೇ ತನಗೆ ಲಕ್ಷ್ಯವೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ನಿಯಮವು ಮೊದಲು, ಪ್ರಯೋಗವು ಆಮೇಲೆ ಎಂಬುದು ಅವನ ಮತವಲ್ಲ. ಒಳ್ಳೆಯವರು ಬರೆದುದನ್ನು ನೋಡಿ ನಿಯಮವನ್ನು ತಿಳಿಯಬೇಕೆಂಬುದೇ ಅವನ ಪದ್ಧತಿ. ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದ ಅರಿವು, ಅದರಿಂದ ಮುಕ್ತಿ ಎಂದು ಅವನು ಕಟ್ಟಿದ ಸೋಪಾನವು ಪ್ರಸಿದ್ಧವಾಗಿದೆ. ಮುಕ್ತಿಯ ಮಾತನ್ನು ಬಿಟ್ಟರೂ, ಮೊದಲ ಮೆಟ್ಟಿಲಲ್ಲಿ ಜಾರಿದವನು ಎರಡನೆಯದನ್ನು ಏರಲಾರನೆಂಬುದು ನಿರ್ವಿವಾದ.

ಕೇಶಿರಾಜನ ಕಾಲಕ್ಕೆ ಭಾಷೆಯು ಕೈಜಾರುತ್ತಿತ್ತು. ೞಕಾರವು ಜನರ ಬಾಯಿಂದ ಮರೆಯಾಗುತ್ತಿದ್ದುದರಿಂದಲೇ ಅದು ಇರುವ ಪದಗಳನ್ನು ಪಟ್ಟಿಮಾಡಿಕೊಡುವ ಶ್ರಮವನ್ನು ಅವನು ವಹಿಸಬೇಕಾಯಿತು. ಅದನ್ನು ಅವನು ಉಳಿಸಲಾಗಲಿಲ್ಲ. ೞಕಾರವೂ ಱಕಾರವೂ ಹೋದುವು; ಕನ್ನಡವು ಬಾಳಿತು. ಅಕ್ಷರವೊಂದು ಹೋದರೆ ಭಾಷೆಯು ಬೇರೊಂದು ದಾರಿಯನ್ನು ಕಂಡುಕೊಳ್ಳಬಲ್ಲುದೆಂಬುದಕ್ಕೆ ಇದು ಸಾಕ್ಷಿ. 1604ರಲ್ಲಿ ಭಟ್ಟಾಕಳಂಕದೇವನು 592 ಸಂಸ್ಕೃತ ಸೂತ್ರಗಳಿಂದ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿ, ಕನ್ನಡವು ಶಾಸ್ತ್ರಕ್ಕೆ ಅರ್ಹವಲ್ಲವೆನ್ನುವವರಿಗೆ ವ್ಯಾಖ್ಯಾನದಲ್ಲಿ ಉತ್ತರವನ್ನು ಕೊಟ್ಟನು. ಆದರೆ ಈ ಮಹನೀಯರೆಲ್ಲರೂ ಹೇಳಿದುದು ಮುಖ್ಯವಾಗಿ ಪದದ ವಿಚಾರ. ಬರೆದ ವಾಕ್ಯವನ್ನು ಕಣ್ಣಿಗೆ ಹೇಗೆ ವಿಭಾಗಿಸಿ ತೋರಿಸಬೇಕೆಂಬ ಚಿಂತೆಯು ಅವರಿಗಿರಲಿಲ್ಲ. ಗುರುವು ಬಳಿಯಲ್ಲಿ ಕುಳಿತು ಓದಿಸುತ್ತಿದ್ದ ಕಾಲದಲ್ಲಿ ಅದರ ಅವಶ್ಯಕತೆಯೂ ಇರಲಿಲ್ಲ.

ಆ ಚಿಂತೆಯು ಹುಟ್ಟಿದುದು ಬೇರೊಂದು ಖಂಡದಲ್ಲಿ. ಅಲ್ಲಿಯೂ ಪ್ರಾಚೀನರು ಎಡೆಯಿಲ್ಲದೆಯೇ ಬರೆಯುತ್ತಿದ್ದರು. ಕ್ರಿಸ್ತಪೂರ್ವ 200ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಾಲಯದಲ್ಲಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫನೀಸನೆಂಬ ಪಂಡಿತನು ಅಕ್ಷರದ ಕೆಳಗೆ, ನಡುವೆ, ಮೇಲೆ ಎಂದು ಮೂರು ಎತ್ತರಗಳಲ್ಲಿ ಚುಕ್ಕೆಗಳನ್ನಿಟ್ಟು, ಓದುವವನು ಎಷ್ಟೆಷ್ಟು ನಿಲ್ಲಬೇಕೆಂಬುದನ್ನು ಸೂಚಿಸಿದನು. ಈ ಗುರುತುಗಳೂ ಮೊದಲು ಉಸಿರಿಗಾಗಿ ಹುಟ್ಟಿದುವು. ಅರ್ಥಕ್ಕಾಗಿ ಬಂದುದು ಆಮೇಲೆ. ಮುದ್ರಣವು ಬಂದ ಮೇಲೆ ಅವು ಒಂದು ಸ್ಥಿರರೂಪವನ್ನು ಪಡೆದುವು. ವೆನಿಸ್ ಪಟ್ಟಣದ ಮುದ್ರಕನಾದ ಆಲ್ಡಸ್ ಮನೂಷಿಯಸನು 1496ರಲ್ಲಿ ಅಚ್ಚುಮಾಡಿದ ಬೆಂಬೊ ಎಂಬಾತನ ಗ್ರಂಥದಲ್ಲಿ ಇಂದಿನ ಅರ್ಧವಿರಾಮವು ಮೊದಲು ಕಾಣಿಸಿಕೊಂಡಿತು. ಇಂಗ್ಲೆಂಡಿನಲ್ಲಿ 1762ರಲ್ಲಿ ರಾಬರ್ಟ್ ಲೌತನೂ 1795ರಲ್ಲಿ ಲಿಂಡ್ಲಿ ಮರ್ರೆಯೂ ಬರೆದ ವ್ಯಾಕರಣಗಳು ಈ ಚಿಹ್ನೆಗಳ ನಿಯಮಗಳನ್ನು ಶಾಲೆಗಳಿಗೆ ತಲುಪಿಸಿದುವು.

ಅಲ್ಲಿಂದ ಅವು ಕನ್ನಡ ನಾಡಿಗೆ ಬಂದುದು ಅಚ್ಚಿನ ಮೊಳೆಗಳ ಜೊತೆಯಲ್ಲಿ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವೂ, 1820ರಲ್ಲಿ ಮದರಾಸಿನಲ್ಲಿ ಮೆಕೆರೆಲ್ಲನ ವ್ಯಾಕರಣವೂ ಇಂಗ್ಲಿಷಿನಲ್ಲಿ ಪ್ರಕಟವಾದುವು. 1838ರಲ್ಲಿ ಕೃಷ್ಣಮಾಚಾರ್ಯರು ಹೊಸಗನ್ನಡ ನುಡಿಗನ್ನಡಿಯನ್ನು ಕನ್ನಡದಲ್ಲಿಯೇ ಹೊರತಂದು, ಬಳಕೆಯಲ್ಲಿರುವ ಭಾಷೆಗೂ ವ್ಯಾಕರಣವುಂಟೆಂದು ತೋರಿಸಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರ ಸಮಾಚಾರವನ್ನು ಪ್ರಾರಂಭಿಸಿದನು. ಪತ್ರಿಕೆಯ ಓದುಗನ ಬಳಿಯಲ್ಲಿ ಗುರುವಿಲ್ಲ, ವ್ಯಾಖ್ಯಾನಕಾರನಿಲ್ಲ, ಛಂದಸ್ಸಿನ ಆಸರೆಯೂ ಇಲ್ಲ. ಅವನು ಒಬ್ಬನೇ, ಮೌನವಾಗಿ, ಬೇಗನೆ ಓದುತ್ತಾನೆ. ಅವನಿಗಾಗಿ ಪದಗಳ ನಡುವೆ ಎಡೆಯೂ ವಾಕ್ಯಗಳ ನಡುವೆ ಚಿಹ್ನೆಯೂ ಬೇಕಾದುವು. ಅದೇ ಶತಮಾನದಲ್ಲಿ ಹಳೆಯ ವ್ಯಾಕರಣಗಳೂ ಬೆಳಕಿಗೆ ಬಂದುವು. 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದ ಕಿಟ್ಟೆಲರು 1894ರಲ್ಲಿ ನಿಘಂಟನ್ನೂ 1903ರಲ್ಲಿ ಕೇಶಿರಾಜನನ್ನೇ ಆಧಾರವಾಗಿಟ್ಟುಕೊಂಡ ತಮ್ಮ ವ್ಯಾಕರಣವನ್ನೂ ಪ್ರಕಟಿಸಿದರು. 1939ರಲ್ಲಿ ತೀ. ನಂ. ಶ್ರೀಕಂಠಯ್ಯನವರ ಕನ್ನಡ ಮಧ್ಯಮ ವ್ಯಾಕರಣವು ಬಂದು, ಶಾಸ್ತ್ರವು ವಿದ್ಯಾರ್ಥಿಯ ಕೈಗೆ ಎಟುಕುವಂತಾಯಿತು.

ಈಗ ವಿಚಾರಿಸಬೇಕಾದುದೇನೆಂದರೆ, ಹೊರಗಿನಿಂದ ಬಂದ ಚಿಹ್ನೆಗಳಲ್ಲಿ ಕನ್ನಡಕ್ಕೆ ಯಾವುದು ಎಷ್ಟು ಬೇಕು ಎಂಬುದು. ಪ್ರಶ್ನೆಯ ಚಿಹ್ನೆಯನ್ನು ನೋಡಿ: ‘ಬಂದನೇ’ ಎಂಬಲ್ಲಿ ಏಕಾರವೇ ಪ್ರಶ್ನೆಯನ್ನು ಸೂಚಿಸುತ್ತದೆ; ಚಿಹ್ನೆಯು ಅದನ್ನು ಅನುಮೋದಿಸುವುದಷ್ಟೆ. ಪೂರ್ಣವಿರಾಮದ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಆದರೆ ಉದ್ಧರಣ ಚಿಹ್ನೆಯ ಮಾತು ಬೇರೆ. ಕನ್ನಡದಲ್ಲಿ ‘ಎಂದು’ ಎಂಬ ಪದವು ಆಡಿದ ಮಾತು ಎಲ್ಲಿ ಮುಗಿಯಿತೆಂಬುದನ್ನು ತಪ್ಪದೆ ಹೇಳುತ್ತದೆ. ಎಲ್ಲಿ ಮೊದಲಾಯಿತೆಂಬುದನ್ನು ಹೇಳುವ ಸಾಧನವು ಭಾಷೆಯಲ್ಲಿಲ್ಲ. ‘ಮಂತ್ರಿಯು ರಾಜನಿಗೆ ನಾನು ಕಾಣಿಕೆ ಕೊಟ್ಟೆನೆಂದು ಹೇಳಿದನು’ ಎಂದರೆ, ಕಾಣಿಕೆ ಸಂದುದು ರಾಜನಿಗೋ, ಅಥವಾ ಸುದ್ದಿ ಸಂದುದು ಮಾತ್ರ ರಾಜನಿಗೋ? ‘ಮಂತ್ರಿಯು ರಾಜನಿಗೆ, “ನಾನು ಕಾಣಿಕೆ ಕೊಟ್ಟೆನು” ಎಂದು ಹೇಳಿದನು’ ಎಂದು ಬರೆದರೆ ಸಂದೇಹವು ತೊಲಗುತ್ತದೆ. ಇಲ್ಲಿ ವಿದೇಶೀಯ ಚಿಹ್ನೆಯು ಕನ್ನಡದ ನಿಜವಾದ ಕೊರತೆಯೊಂದನ್ನು ತುಂಬಿದೆ. ಇದನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು.

ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಚಿಹ್ನೆಯು ಬೇಡದಿರುವಂತೆ ಕನ್ನಡದಲ್ಲಿ ಮೊದಲೇ ಇದ್ದ ಸಾಧನಗಳು ಚಿಹ್ನೆಯ ಭರವಸೆಯಿಂದ ಸವೆಯುತ್ತಿವೆ. ‘ರಾಮನೂ ಲಕ್ಷ್ಮಣನೂ’ ಎಂಬ ಸಮುಚ್ಚಯವು ‘ರಾಮ ಮತ್ತು ಲಕ್ಷ್ಮಣ’ ಎಂದಾಗಿದೆ. ಇದರಿಂದ ಹಾನಿಯೇನು ಎಂದು ಕೇಳುವವರಿಗೆ ಅಮೆರಿಕದ ಮೇಯ್ನ್ ಸಂಸ್ಥಾನದ ಒಂದು ವ್ಯಾಜ್ಯವನ್ನು ತೋರಿಸಬಹುದು. ಹೆಚ್ಚುಹೊತ್ತಿನ ದುಡಿಮೆಗೆ ಹೆಚ್ಚು ಕೂಲಿ ಕೊಡಬೇಕಾಗಿಲ್ಲದ ಕೆಲಸಗಳನ್ನು ಅಲ್ಲಿಯ ಕಾನೂನು ಪಟ್ಟಿಮಾಡಿತ್ತು. ಪಟ್ಟಿಯ ಕೊನೆಯಲ್ಲಿ ಸಾಗಣೆಗಾಗಿ ಕಟ್ಟುವುದು, ಹಂಚುವುದು ಎಂಬ ಎರಡು ಮಾತುಗಳ ನಡುವೆ ಅಲ್ಪವಿರಾಮವಿರಲಿಲ್ಲ. ಹಂಚುವುದು ಒಂದು ಬೇರೆ ಕೆಲಸವೋ, ಅಥವಾ ಸಾಗಣೆಗಾಗಿ ಇಲ್ಲವೆ ಹಂಚಿಕೆಗಾಗಿ ಕಟ್ಟುವುದೆಂಬುದೆಲ್ಲ ಸೇರಿ ಒಂದೇ ಕೆಲಸವೋ? ಹಾಲಿನ ಕಂಪನಿಯೊಂದರ ಬಂಡಿ ನಡೆಸುವವರು ತಾವು ಹಂಚುವವರೇ ಹೊರತು ಕಟ್ಟುವವರಲ್ಲವೆಂದು ವಾದಿಸಿದರು. 2017ರ ಮಾರ್ಚಿಯಲ್ಲಿ ಮೇಲ್ಮನವಿಯ ನ್ಯಾಯಾಲಯವು ವಾಕ್ಯವು ಸಂದಿಗ್ಧವೆಂದು ಹೇಳಿ ಕೆಲಸಗಾರರ ಪರವಾಗಿ ತೀರ್ಮಾನಿಸಿತು. ಮರುವರ್ಷ ಕಂಪನಿಯು 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಅಲ್ಲಿಯ ಶಾಸನಸಭೆಯು ಪಟ್ಟಿಯಲ್ಲಿ ಅರ್ಧವಿರಾಮಗಳನ್ನು ಹಾಕಿ ಕಾನೂನನ್ನು ತಿದ್ದಿತು.

ಇದೇ ಮಾತನ್ನು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಹೇಳಿ ನೋಡಬೇಕು. ‘ಸಾಗಣೆಗಾಗಿ ಕಟ್ಟುವುದಾಗಲಿ ಹಂಚುವುದಾಗಲಿ’ ಎಂದರೆ ಕೆಲಸಗಳು ಎರಡು. ‘ಸಾಗಣೆಗಾಗಲಿ ಹಂಚಿಕೆಗಾಗಲಿ ಕಟ್ಟುವುದು’ ಎಂದರೆ ಕೆಲಸವು ಒಂದೇ. ಎರಡರಲ್ಲಿಯೂ ಒಂದು ಅಲ್ಪವಿರಾಮವೂ ಬೇಕಾಗಿಲ್ಲ. ಪ್ರತ್ಯಯವು ಪ್ರತಿಯೊಂದು ಪದಕ್ಕೂ ಅಂಟಿಕೊಂಡು ಯಾವುದು ಯಾವುದಕ್ಕೆ ಜೋಡಿಯೆಂಬುದನ್ನು ತೋರಿಸುವುದರಿಂದ, ವ್ಯಾಜ್ಯವು ಹುಟ್ಟುವುದಕ್ಕೆ ಎಡೆಯೇ ಇಲ್ಲ. ಇಂತಹ ಸಂಪತ್ತನ್ನು ಕೈಯಲ್ಲಿಟ್ಟುಕೊಂಡು, ‘ಬಡ ವಿದ್ಯಾರ್ಥಿಗಳು ಮತ್ತು ವಿಧವೆಯರಿಗೆ ಈ ಹಣವು ಸಲ್ಲತಕ್ಕದ್ದು’ ಎಂದು ದಾನಪತ್ರವನ್ನು ಬರೆದರೆ, ವಿಧವೆಯರೆಲ್ಲರಿಗೂ ಸಲ್ಲುವುದೋ ಬಡವರಾದ ವಿಧವೆಯರಿಗೆ ಮಾತ್ರವೋ ಎಂಬ ಜಗಳವು ದಾನಿಯು ಗತಿಸಿದ ಮೇಲೆ ಏಳುತ್ತದೆ. ‘ಬಡ ವಿದ್ಯಾರ್ಥಿಗಳಿಗೂ ಎಲ್ಲ ವಿಧವೆಯರಿಗೂ’ ಎಂದಾಗಲಿ, ‘ಬಡವರಾದ ವಿದ್ಯಾರ್ಥಿಗಳಿಗೂ ಬಡವರಾದ ವಿಧವೆಯರಿಗೂ’ ಎಂದಾಗಲಿ ಬರೆಯುವುದಕ್ಕೆ ಎರಡು ಪದಗಳ ಶ್ರಮವೂ ಹೆಚ್ಚಿಲ್ಲ.

ವಿಭಕ್ತಿಯ ವಿಷಯವೂ ಹೀಗೆಯೇ. ಒಂದು ವಿಭಕ್ತಿಯ ಎಡೆಯಲ್ಲಿ ಇನ್ನೊಂದು ಬರುವುದನ್ನು ಕೇಶಿರಾಜನೂ ಕಂಡು ಹೇಳಿದ್ದಾನೆ. ‘ಪುಸ್ತಕ ಓದಿದನು’ ಎಂದರೆ ಯಾರಿಗೂ ಸಂದೇಹವಿಲ್ಲ. ‘ಹುಲಿ ಹಸು ಕೊಂದಿತು’ ಎಂಬಲ್ಲಿ ಲೋಕಾನುಭವದಿಂದ ಅರ್ಥಮಾಡಿಕೊಳ್ಳಬಹುದು. ‘ಹುಲಿ ಆನೆ ಕೊಂದಿತು’ ಎಂಬಲ್ಲಿ ಲೋಕಾನುಭವವೂ ಕೈಕೊಡುತ್ತದೆ, ದ್ವಿತೀಯೆಯೇ ಶರಣು. ‘ತನ್ನ’ ಮತ್ತು ‘ಅವನ’ ಎಂಬ ಭೇದವೂ ಅಮೂಲ್ಯವಾದುದು. ‘ಅಣ್ಣನು ತಮ್ಮನಿಗೆ ತನ್ನ ಹೊಲವನ್ನು ಕೊಟ್ಟನು’ ಎಂದರೆ ಹೊಲವು ಅಣ್ಣನದು. ‘ಅವನ ಹೊಲವನ್ನು’ ಎಂದರೆ ತಮ್ಮನದು ಅಥವಾ ಮತ್ತೊಬ್ಬನದು. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ಪದವಿರುವುದರಿಂದ, ಭಾಷಾಂತರದ ಅಭ್ಯಾಸದಲ್ಲಿ ಬೆಳೆದ ಲೇಖನಿಯು ಈ ಭೇದವನ್ನು ಮರೆಯುತ್ತಿದೆ. ‘ಅವನಿಂದ ಪತ್ರವು ಬರೆಯಲ್ಪಟ್ಟಿತು’ ಎಂಬ ಬಗೆಯ ಕರ್ಮಣಿ ಪ್ರಯೋಗಗಳು ಪೆಚ್ಚಾಗಿ ನಿಂತಿರುವುದೂ ಅದೇ ಕಾರಣದಿಂದ. ವಿಶೇಷಣದ ಸ್ಥಾನವನ್ನಂತೂ ಯಾವ ಚಿಹ್ನೆಯೂ ಸರಿಪಡಿಸಲಾರದು. ‘ಹಳೆಯ ಊರಿನ ಬಾವಿ’ ಎಂದರೆ ಹಳೆಯದು ಊರೋ ಬಾವಿಯೋ ತಿಳಿಯದು. ‘ಊರಿನ ಹಳೆಯ ಬಾವಿ’ ಎಂದೊಡನೆ ತಿಳಿಯುತ್ತದೆ.

1963ರಲ್ಲಿ ಅಂದಿನ ಮೈಸೂರು ರಾಜ್ಯವು ಕನ್ನಡವನ್ನು ರಾಜ್ಯಭಾಷೆಯನ್ನಾಗಿ ಮಾಡುವ ಅಧಿನಿಯಮವನ್ನು ಅಂಗೀಕರಿಸಿತು. ಅಂದಿನಿಂದ ಕನ್ನಡದ ವಾಕ್ಯವು ಕಾವ್ಯದ ರಸಕ್ಕೂ ಕಥೆಯ ಕುತೂಹಲಕ್ಕೂ ಮಾತ್ರ ಹೊಣೆಯಾಗಿ ಉಳಿದಿಲ್ಲ. ಹೊಲದ ಮೇರೆ, ವೃದ್ಧರ ವೇತನ, ನೌಕರನ ಹಕ್ಕು ಇವೆಲ್ಲವೂ ಅದರ ಮೇಲೆ ನಿಂತಿವೆ. ಕಾವ್ಯದಲ್ಲಿ ಎರಡರ್ಥವು ಶ್ಲೇಷೆಯೆಂಬ ಅಲಂಕಾರವಾಗಬಹುದು. ಆಜ್ಞಾಪತ್ರದಲ್ಲಿ ಅದು ಯಾರೋ ಒಬ್ಬ ಬಡವನ ನಷ್ಟವಾಗುತ್ತದೆ.

ಇದಕ್ಕೆ ಪರೀಕ್ಷೆಯೇನೆಂದು ಕೇಳಿದರೆ, ಹಳೆಯ ಪಾಠಕ್ರಮದಲ್ಲಿಯೇ ಉತ್ತರವಿದೆ. ಪದಸಮೂಹವು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ತರ್ಕಸಂಗ್ರಹಕಾರನಾದ ಅನ್ನಂಭಟ್ಟನು ಹೇಳುತ್ತಾನೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಸುಮ್ಮನೆ ಹೆಸರುಗಳನ್ನು ಹೇಳಿದರೆ ಒಂದು ಪದವು ಇನ್ನೊಂದನ್ನು ಬಯಸುವುದಿಲ್ಲ. ಬೆಂಕಿಯಿಂದ ನೆನಸು ಎಂದರೆ ಅರ್ಥವು ಕೂಡುವುದಿಲ್ಲ. ಒಂದು ಪದವನ್ನು ಈಗಲೂ ಮತ್ತೊಂದನ್ನು ಜಾವದ ಮೇಲೆಯೂ ಹೇಳಿದರೆ ಕೇಳಿದವನಿಗೆ ವಾಕ್ಯವೇ ಆಗುವುದಿಲ್ಲ. ಕರ್ತೃವನ್ನು ಮೊದಲಲ್ಲಿ ಹೇಳಿ, ಏಳೆಂಟು ಉಪವಾಕ್ಯಗಳನ್ನು ನಡುವೆ ತುರುಕಿ, ಕ್ರಿಯೆಯನ್ನು ಪುಟದ ಕೊನೆಗೆ ತರುವವನು ಮಾಡುವುದು ಈ ಮೂರನೆಯ ದೋಷವನ್ನೇ. ಶ್ಲೋಕಕ್ಕೆ ಅನ್ವಯ ಹೇಳಿಸುವಾಗ ಉಪಾಧ್ಯಾಯರು ಮೊದಲು ಕ್ರಿಯಾಪದವನ್ನು ಹಿಡಿಸಿ, ಆಮೇಲೆ ಯಾರು, ಯಾರನ್ನು, ಏತರಿಂದ, ಯಾರಿಗೆ, ಎಲ್ಲಿ ಎಂದು ಒಂದೊಂದಾಗಿ ಪ್ರಶ್ನಿಸುತ್ತಿದ್ದರು. ತಾನು ಬರೆದ ವಾಕ್ಯವನ್ನು ಬರೆದವನೇ ಗಟ್ಟಿಯಾಗಿ ಓದಿ, ಈ ಪ್ರಶ್ನೆಗಳನ್ನು ಕೇಳಲಿ. ಪ್ರತಿಯೊಂದು ಪ್ರಶ್ನೆಗೂ ಒಂದೇ ಉತ್ತರವು ದೊರೆತರೆ ವಾಕ್ಯವು ಶುದ್ಧವಾಗಿದೆ. ಎರಡು ಉತ್ತರಗಳು ದೊರೆತೆಡೆಯಲ್ಲಿ ಮೊದಲು ಪ್ರತ್ಯಯವನ್ನೂ, ಅನಂತರ ಪದದ ಸ್ಥಾನವನ್ನೂ, ಕಡೆಗೆ ಚಿಹ್ನೆಯನ್ನೂ ನೋಡಬೇಕು. ಓಲೆಯ ಕಾಲದಲ್ಲಿ ಈ ಪ್ರಶ್ನೆಗಳನ್ನು ಗುರುವು ಕೇಳುತ್ತಿದ್ದನು; ಅಚ್ಚಿನ ಕಾಲದಲ್ಲಿ ಅವನ್ನು ಕೇಳಿಕೊಳ್ಳುವ ಭಾರವು ಬರೆಯುವವನದೇ ಆಗಿದೆ.